ಕಡಲ ದಂಡೆಯಲ್ಲಿ ಏಳು ದಿನ: ವಿಶ್ರಾಂತಿ ಯಾರ ಹಕ್ಕು?

ಸಹೋದರಿಯರೇ, ನಿಮಗೊಂದು ಸಣ್ಣ ಪ್ರಶ್ನೆ. ನೀವು ಪೂರ್ತಿ ಒಂದು ದಿನ ವಿಶ್ರಾಂತಿ ಪಡೆದು ಎಷ್ಟು ಕಾಲವಾಯಿತು? ಜ್ವರ ಬಂದು ಮಲಗಿದ ದಿನವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಬಾಣಂತನದ ನಲ್ವತ್ತು ದಿನಗಳನ್ನೂ ಬಿಟ್ಟುಬಿಡಿ. ಆರೋಗ್ಯವಾಗಿದ್ದಾಗ, ಯಾರೂ "ಇವತ್ತು ಸಾರಿಗೆ ಏನು?" ಎಂದು ಕೇಳದ, ನೀವಾಗಿಯೇ ಒಲೆಯ ಮುಂದೆ ನಿಲ್ಲದ ಒಂದೇ ಒಂದು ದಿನ ನೆನಪಿಗೆ ಬರುತ್ತದೆಯೇ?

ತವರಿಗೆ ಹೋಗುತ್ತೇವಲ್ಲ ಎನ್ನುತ್ತೀರಿ. ಆದರೆ ಅಲ್ಲಿ ವಯಸ್ಸಾದ ತಾಯಿ ಮೀನು ಹೆಚ್ಚುತ್ತಾ ಕುಳಿತಿದ್ದರೆ ಕತ್ತಿಯನ್ನು ಕೈಯಿಂದ ತೆಗೆದುಕೊಳ್ಳದೆ ಇರಲು ಸಾಧ್ಯವೇ? ಮದುವೆ ಮನೆಗೆ ಹೋದರೆ ಅಲ್ಲಿಯೂ ಹತ್ತು ಕೆಲಸ. ಕುಟುಂಬ ಸಮೇತ ಪ್ರವಾಸ ಹೊರಟರೆ ಬುತ್ತಿ ಕಟ್ಟುವವರು, ಮಕ್ಕಳ ಬಟ್ಟೆ ಜೋಡಿಸುವವರು, ಮರಳಿ ಬಂದ ಮೇಲೆ ಮೂರು ಬಕೆಟ್ ಬಟ್ಟೆ ಒಗೆಯುವವರು ನೀವೇ. ಮನೆಯವರಿಗೆಲ್ಲ ಅದು ಪ್ರವಾಸ, ನಿಮಗೆ ಅಡುಗೆಮನೆಯ ಸ್ಥಳಾಂತರ ಮಾತ್ರ.

ಈಗೀಗ ನಮ್ಮ ಮನೆಗಳಲ್ಲಿ ಹೊಸದೊಂದು ಮಾತು ಕೇಳಿಬರುತ್ತಿದೆ. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ಮಕ್ಕಳು ತಾಯಿಗೆ ಚಿನ್ನದ ಬಳೆಯ ಬದಲು ಕಡಲ ತೀರದ ಯಾವುದೋ ಸ್ಪಾ ಹೋಟೆಲಿನಲ್ಲಿ ನಾಲ್ಕು ದಿನ, ಒಂದು ವಾರ ಕೋಣೆ ಗೊತ್ತುಮಾಡಿ ಕೊಡುತ್ತಿದ್ದಾರೆ. ತಾಯಂದಿರ ಉತ್ತರ ಸಾಮಾನ್ಯವಾಗಿ ಎರಡೇ. ಒಂದು, "ಅದು ದುಡ್ಡಿದ್ದವರ ಶೋಕಿ, ನಮಗೇಕೆ?" ಇನ್ನೊಂದು, "ಮಾನವಂತ ಹೆಂಗಸರು ಅಲ್ಲಿಗೆ ಹೋಗುತ್ತಾರೆಯೇ?" ಎರಡೂ ಪ್ರಶ್ನೆಗಳು ಸರಿಯಾದವೇ. ಆದರೆ ಉತ್ತರ ಹೇಳುವ ಮೊದಲು ಅಂಥ ಜಾಗದಲ್ಲಿ ಏನಿದೆ, ಏನಿಲ್ಲ ಎಂದು ತಿಳಿದಿರಬೇಕಲ್ಲವೇ?

ಸ್ಪಾ ಎಂದರೇನು?

ಸ್ಪಾ ಎಂಬುದು ಮೂಲತಃ ಒಂದು ಊರಿನ ಹೆಸರು. ಯುರೋಪಿನ ಬೆಲ್ಜಿಯಂ ದೇಶದಲ್ಲಿರುವ ಆ ಊರು ಖನಿಜಯುಕ್ತ ನೀರಿನ ಚಿಲುಮೆಗಳಿಗೆ ಹೆಸರಾದುದು. ನೀರು ಕುಡಿದು, ಮಿಂದು ಆರೋಗ್ಯ ಸುಧಾರಿಸಿಕೊಳ್ಳಲು ಜನರು ಶತಮಾನಗಳಿಂದ ಅಲ್ಲಿಗೆ ಹೋಗುತ್ತಿದ್ದರು. ಕ್ರಮೇಣ ಅಂಥ ಎಲ್ಲ ಜಾಗಗಳಿಗೂ ಅದೇ ಹೆಸರು ಬಂತು. 2021ರಲ್ಲಿ ಯುನೆಸ್ಕೋ ಯುರೋಪಿನ ಇಂತಹ ಹನ್ನೊಂದು ಊರುಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಬೆಲ್ಜಿಯಂನ ಸ್ಪಾ ಕೂಡ ಅದರಲ್ಲಿತ್ತು.

ಹೆಸರು ಪರದೇಶದ್ದು ನಿಜ, ಆದರೆ ಸಂಗತಿ ನಮಗೆ ಹೊಸದಲ್ಲ. ಮುಸ್ಲಿಮ್ ನಗರಗಳಲ್ಲಿ ಮಸೀದಿ, ಮಾರುಕಟ್ಟೆಗಳಂತೆಯೇ ಹಮ್ಮಾಮ್ ಕೂಡ ಇರುತ್ತಿತ್ತು. ಇಸ್ತಾಂಬುಲ್ ನಗರದ ಚೆಂಬರ್ಲಿತಾಶ್ ಹಮ್ಮಾಮನ್ನು 1584ರಲ್ಲಿ ಕಟ್ಟಿಸಿದವರು ಒಬ್ಬ ಮಹಿಳೆ, ಸುಲ್ತಾನ್ ಮೂರನೆಯ ಮುರಾದ್‌ರ ತಾಯಿ ನೂರ್‌ಬಾನು. ಹಮ್ಮಾಮ್‌ಗಳಲ್ಲಿ ಹೆಂಗಸರಿಗೆ ಬೇರೆಯೇ ಭಾಗ ಅಥವಾ ಬೇರೆಯೇ ಸಮಯ ಗೊತ್ತುಪಡಿಸುವುದು ವಾಡಿಕೆ. ನಮ್ಮ ಬೀದರ್ ಕೋಟೆಯೊಳಗೂ ಶಾಹಿ ಹಮಾಮ್‌ನ ಕಟ್ಟಡವಿದೆ. ಮೈಗೆ ಎಣ್ಣೆ ಹಚ್ಚಿ ಉಜ್ಜುವುದರ ಬಗ್ಗೆ ಇಬ್ನು ಸೀನಾ ತಮ್ಮ ವೈದ್ಯಗ್ರಂಥ 'ಅಲ್ ಕಾನೂನ್'ನಲ್ಲಿ ಬರೆದಿದ್ದಾರೆ. ಗಟ್ಟಿಯಾಗಿ ಉಜ್ಜುವುದಕ್ಕೆ ಒಂದು ಪರಿಣಾಮ, ಮೃದುವಾಗಿ ಉಜ್ಜುವುದಕ್ಕೆ ಇನ್ನೊಂದು ಎಂದು ಅವರು ವಿಂಗಡಿಸಿದ್ದರು.

ಅಷ್ಟು ದೂರ ಏಕೆ? ನಮ್ಮ ಕರಾವಳಿಯ ಮನೆಗಳಲ್ಲಿ ಬಾಣಂತಿಗೆ ಎಣ್ಣೆ ತಿಕ್ಕಿ ಬಿಸಿ ನೀರು ಹುಯ್ಯಲು ಬರುತ್ತಿದ್ದ ಅಜ್ಜಿಯನ್ನು ನೆನಪಿಸಿಕೊಳ್ಳಿ. ಆಕೆಯ ಕೈಯಲ್ಲಿದ್ದ ಧನ್ವಂತರಂ ತೈಲವೇ ಇಂದು ಹೋಟೆಲಿನ ಪಿಂಗಾಣಿ ಬಟ್ಟಲಿನಲ್ಲಿದೆ. ಅಜ್ಜಿಗೆ ನಾವು ಒಂದು ಸೀರೆ, ಸ್ವಲ್ಪ ಹಣ ಕೊಡುತ್ತಿದ್ದೆವು. ಹೋಟೆಲಿಗೆ ಸಾವಿರಗಟ್ಟಲೆ ಕೊಡುತ್ತೇವೆ.

ಕೋವಳಂ ತೀರದ ಕಥೆ

ನಮ್ಮ ಕಡೆಯವರು ಹೆಚ್ಚಾಗಿ ಹೋಗುವುದು ಕೇರಳಕ್ಕೆ. ಅದರಲ್ಲಿಯೂ ತಿರುವನಂತಪುರದ ದಕ್ಷಿಣಕ್ಕಿರುವ ಕೋವಳಂ ತೀರ ಈ ಉದ್ಯಮದ ತೊಟ್ಟಿಲು ಎನ್ನಬಹುದು. ತಿರುವಾಂಕೂರಿನ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಸೇತು ಲಕ್ಷ್ಮೀಬಾಯಿಯವರ ಕಾಲದಲ್ಲಿ, 1930ರ ದಶಕದಲ್ಲಿ, ಅಲ್ಲಿನ ಗುಡ್ಡದ ಮೇಲೆ ಹ್ಯಾಲ್ಸಿಯನ್ ಕ್ಯಾಸಲ್ ಎಂಬ ವಿಶ್ರಾಂತಿ ಮಂದಿರ ಎದ್ದಿತು. 1970ರ ದಶಕದಲ್ಲಿ ಹಿಪ್ಪಿಗಳೆಂದು ಕರೆಯಲ್ಪಟ್ಟ ಪಾಶ್ಚಾತ್ಯ ಯುವಕರು ಬೆಸ್ತರ ಮನೆಗಳಲ್ಲಿ ಬಾಡಿಗೆಗಿದ್ದು ಈ ತೀರದ ಹೆಸರನ್ನು ಹೊರಗೆ ಹರಡಿದರು. ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರು ಗುಡ್ಡದ ಇಳಿಜಾರಿಗೆ ಒರಗಿದಂತೆ ವಿನ್ಯಾಸಗೊಳಿಸಿದ ಸರ್ಕಾರಿ ಹೋಟೆಲು ಬಂದದ್ದೂ ಅದೇ ಅವಧಿಯಲ್ಲಿ.

ಆಯುರ್ವೇದ ಮತ್ತು ಕಡಲು ಜೊತೆಯಾದದ್ದು ಅದರ ನಂತರ. ಆಯುರ್ವೇದಕ್ಕೆ ಕೇರಳದಲ್ಲಿ ಭದ್ರವಾದ ತಳಹದಿ ಮೊದಲೇ ಇತ್ತು. ವೈದ್ಯರತ್ನಂ ಪಿ.ಎಸ್. ವಾರಿಯರ್ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನಲ್ಲಿ ಆರ್ಯ ವೈದ್ಯಶಾಲೆ ಆರಂಭಿಸಿದ್ದು 1902ರಲ್ಲಿ. ಆದರೆ ಅಲ್ಲಿಗೆ ಹೋಗುತ್ತಿದ್ದವರು ರೋಗಿಗಳು. ಕೋವಳಂ ಸಮೀಪದ ಚೊವ್ವರದಲ್ಲಿ 1985ರಲ್ಲಿ ಶುರುವಾದ ಸೋಮತೀರಂ, ಕೇರಳದ ಹಳೆಯ ಮರದ ಮನೆಗಳ ಮಾದರಿಯ ಕುಟೀರಗಳಲ್ಲಿ ಅತಿಥಿಗಳನ್ನು ಇರಿಸಿಕೊಂಡು ಕಡಲ ಪಕ್ಕದಲ್ಲೇ ಚಿಕಿತ್ಸೆ ಕೊಡುವ ಕ್ರಮ ತಂದಿತು. ಜಗತ್ತಿನ ಮೊದಲ ಆಯುರ್ವೇದ ರೆಸಾರ್ಟ್ ಎಂದು ಅದು ತನ್ನನ್ನು ಕರೆದುಕೊಳ್ಳುತ್ತದೆ. ಆಮೇಲೆ ಅದೇ ತೀರದಲ್ಲಿ ಹತ್ತಾರು ಚಿಕ್ಕ ಹೋಟೆಲುಗಳು ಹುಟ್ಟಿದವು.

ಏಳು ದಿನಗಳ ವಾಸ

ಅಂಥದೊಂದು ಚಿಕ್ಕ ಹೋಟೆಲಿನಲ್ಲಿ ಕಳೆದ ಡಿಸೆಂಬರಿನಲ್ಲಿ ಏಳು ದಿನ ಇರುವ ಅವಕಾಶ ನನಗೆ ಒದಗಿತು. ದಮ್ಮಾಮಿನಲ್ಲಿರುವ ಅಣ್ಣನ ಮಗ ತನ್ನ ತಾಯಿಗಾಗಿ ಗೊತ್ತುಮಾಡಿದ್ದ ಕೋಣೆ ಅದು. ಅರುವತ್ತು ದಾಟಿದ ಅತ್ತಿಗೆಗೆ ಮಂಡಿ ನೋವು, ರಕ್ತದೊತ್ತಡ. ಜೊತೆಗೆ ಒಬ್ಬರು ಬೇಕಿತ್ತು. ನನಗೆ ಶಾಲೆಗೆ ರಜೆ ಇತ್ತು, ಅರೆಬರೆ ಮಲಯಾಳವೂ ಬರುತ್ತಿತ್ತು. ನಮ್ಮ ಕಾಲದ ಮದ್ರಸಗಳಲ್ಲಿ ಅರಬಿ ಮಲಯಾಳದ ಪಾಠಪುಸ್ತಕ ಓದಿದವರಿಗೆ ಆ ಭಾಷೆ ಪೂರ್ತಿ ಅಪರಿಚಿತವಲ್ಲವಷ್ಟೇ. ಮಂಗಳೂರಿನಿಂದ ಸಂಜೆ ಮಲಬಾರ್ ಎಕ್ಸ್‌ಪ್ರೆಸ್ ಹತ್ತಿದರೆ ಮರುದಿನ ಬೆಳಿಗ್ಗೆ ತಿರುವನಂತಪುರ. ಅಲ್ಲಿಂದ ಕಾರಿನಲ್ಲಿ ಒಂದು ಗಂಟೆಯೊಳಗೆ ಕಡಲ ದಂಡೆ.

ತೆಂಗಿನ ತೋಟದೊಳಗೆ ಹೆಂಚಿನ ಮಾಡಿನ ಹದಿನಾರು ಕುಟೀರಗಳು. ಕೋಣೆಯಲ್ಲಿ ಟಿ.ವಿ. ಇಲ್ಲ. ಮದ್ಯವಿಲ್ಲ, ಮಾಂಸವಿಲ್ಲ. ಹೆಚ್ಚಿನ ಅತಿಥಿಗಳು ಜರ್ಮನಿಯ ವಯಸ್ಸಾದ ದಂಪತಿಗಳು. ಜೋರಾಗಿ ಮಾತಾಡುವವರೇ ಇಲ್ಲ. ಕೇಳುತ್ತಿದ್ದುದು ಅಲೆಯ ಸದ್ದು, ತೆಂಗಿನ ಗರಿಯ ಸದ್ದು, ದೂರದ ಬಾಂಗ್.

ಮೊದಲ ದಿನ ವೈದ್ಯೆ ಅತ್ತಿಗೆಯ ನಾಡಿ ಹಿಡಿದು, ನಾಲಿಗೆ ನೋಡಿ, ರಕ್ತದೊತ್ತಡ ಅಳೆದು, ನಿದ್ದೆ, ಹಸಿವು, ಮಲಬದ್ಧತೆಗಳ ಬಗ್ಗೆ ಅರ್ಧ ಗಂಟೆ ವಿಚಾರಿಸಿದರು. "ಇಷ್ಟು ಹೊತ್ತು ನನ್ನ ಮಾತನ್ನು ಯಾವ ಡಾಕ್ಟರೂ ಕೇಳಿರಲಿಲ್ಲ" ಎಂದರು ಅತ್ತಿಗೆ. ದಿನಚರಿ ಸರಳ. ಬೆಳಿಗ್ಗೆ ಕಷಾಯ, ಬಳಿಕ ತಿಂಡಿ, ಹತ್ತು ಗಂಟೆಗೆ ಎಣ್ಣೆಯ ಚಿಕಿತ್ಸೆ, ಮಧ್ಯಾಹ್ನ ಊಟ, ವಿಶ್ರಾಂತಿ, ಸಂಜೆ ದಂಡೆಯಲ್ಲಿ ನಡಿಗೆ, ರಾತ್ರಿ ಏಳೂವರೆಗೆ ಗಂಜಿ. ಖಾರ ಕಡಿಮೆ, ಮೀನಂತೂ ಇಲ್ಲವೇ ಇಲ್ಲ. ಮೀನಿಲ್ಲದೆ ಅನ್ನ ಇಳಿಯದ ನಮ್ಮಂಥವರಿಗೆ ಮೊದಲ ಎರಡು ದಿನ ಕಷ್ಟವೇ!

ಅದಕ್ಕಿಂತ ಕಷ್ಟವಾದದ್ದು ಸುಮ್ಮನಿರುವುದು. ಅತ್ತಿಗೆ ಬೆಳಿಗ್ಗೆ ಎದ್ದವರೇ ಹಾಸಿಗೆ ಮಡಚಿಡುತ್ತಿದ್ದರು. ಚಹಾ ಕುಡಿದ ಲೋಟವನ್ನು ತೊಳೆದು ಬೋರಲು ಹಾಕುತ್ತಿದ್ದರು. ಕೋಣೆ ಗುಡಿಸಲು ಬಂದ ಹುಡುಗಿಗೆ ಕೆಲಸವೇ ಇರುತ್ತಿರಲಿಲ್ಲ. ಗಂಟೆಗೊಮ್ಮೆ ಮನೆಗೆ ಫೋನು: ಗ್ಯಾಸ್ ಬಂತೇ, ಹಾಲಿನವನಿಗೆ ಹಣ ಕೊಟ್ಟಿರಾ, ಮೊಮ್ಮಗ ಉಂಡನೇ. ಮೂರನೆಯ ದಿನ ಮಧ್ಯಾಹ್ನ ಳುಹರ್ ನಮಾಝ್ ಮುಗಿಸಿ ಮಲಗಿದವರು ಅಸರ್ ಬಾಂಗಿಗೇ ಎದ್ದರು. "ಹಗಲಿನಲ್ಲಿ ಹೀಗೆ ನಿದ್ದೆ ಮಾಡಿದ್ದು ಮದುವೆಗೆ ಮುಂಚೆ" ಎಂದರು. ಯೋಚಿಸಿ ನೋಡಿ, ನಲ್ವತ್ತು ವರ್ಷಗಳ ಮಾತದು.

ಎಣ್ಣೆಯ ಕೋಣೆಯಲ್ಲಿ

ಅನೇಕ ಸಹೋದರಿಯರಿಗೆ ಭಯ, ಸಂಕೋಚ ಇರುವುದು ಇಲ್ಲಿಯೇ. ಆದ್ದರಿಂದ ಇರುವುದನ್ನು ಇದ್ದಂತೆ ಹೇಳುತ್ತೇನೆ.

ಕೋಣೆಯ ನಡುವೆ ಅಂಚು ಎತ್ತರಿಸಿದ, ಎಣ್ಣೆ ಹರಿದುಹೋಗಲು ತೋಡು ಇರುವ ಒಂದೇ ಮರದ ಉದ್ದನೆಯ ಹಲಗೆ ಇರುತ್ತದೆ. ಇದನ್ನು ದ್ರೋಣಿ ಎನ್ನುತ್ತಾರೆ. ಅಭ್ಯಂಗವೆಂದರೆ ತಲೆಯಿಂದ ಪಾದದವರೆಗೆ ಬೆಚ್ಚಗಿನ ಎಣ್ಣೆ ಹಚ್ಚಿ ತಿಕ್ಕುವುದು. ಕೇರಳದ ಕ್ರಮದಲ್ಲಿ ಹಲವೊಮ್ಮೆ ಇಬ್ಬರು ಎರಡೂ ಬದಿಯಲ್ಲಿ ನಿಂತು ಒಂದೇ ಲಯದಲ್ಲಿ ತಿಕ್ಕುತ್ತಾರೆ. ಪಿಳಿಚ್ಚಿಲ್ ಎಂದರೆ ಎಣ್ಣೆಯಲ್ಲಿ ಅದ್ದಿದ ಬಟ್ಟೆಯನ್ನು ಮೈಮೇಲೆ ಹಿಂಡುತ್ತಾ ಹೋಗುವುದು. ಞವರಕಿಳಿಯಲ್ಲಿ ಞವರ ಎಂಬ ಅಕ್ಕಿಯನ್ನು ಹಾಲು ಮತ್ತು ಬೇರಿನ ಕಷಾಯದಲ್ಲಿ ಬೇಯಿಸಿ, ಬಟ್ಟೆಯ ಗಂಟು ಕಟ್ಟಿ ಮೈಗೆ ಒತ್ತುತ್ತಾರೆ. ಶಿರೋಧಾರೆಯಲ್ಲಿ ಮೇಲೆ ತೂಗುಹಾಕಿದ ಪಾತ್ರೆಯಿಂದ ಎಣ್ಣೆಯ ಸಣ್ಣ ಧಾರೆ ಹಣೆಯ ಮೇಲೆ ಬೀಳುತ್ತಿರುತ್ತದೆ. ಕೊನೆಗೆ ಸೋಪಿನ ಬದಲು ಹೆಸರುಕಾಳಿನ ಹಿಟ್ಟಿನಿಂದ ಎಣ್ಣೆ ತೆಗೆದು, ಬಿಸಿ ನೀರಿನ ಸ್ನಾನ ಮಾಡಿಸಿ, ನೆಗಡಿ ಆಗದಿರಲೆಂದು ನೆತ್ತಿಗೆ ರಾಸ್ನಾದಿ ಚೂರ್ಣ ತಿಕ್ಕಿ ಕಳಿಸುತ್ತಾರೆ.

ಇಷ್ಟರಿಂದ ಏನು ಸಿಗುತ್ತದೆ? ಬಿಗಿದ ಸ್ನಾಯು ಸಡಿಲಗೊಳ್ಳುತ್ತದೆ, ನಿದ್ದೆ ಬರುತ್ತದೆ, ಮನಸ್ಸು ಹಗುರಾಗುತ್ತದೆ. ಆದರೆ ಸವೆದ ಮಂಡಿಯ ಎಲುಬು ಎಣ್ಣೆಯಿಂದ ಮತ್ತೆ ಬೆಳೆಯುವುದಿಲ್ಲ. ವಾರವೊಂದರಲ್ಲಿ ಸಕ್ಕರೆ ಕಾಯಿಲೆ ಗುಣವಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಕೇಳಲೇಬೇಕಾದ ಪ್ರಶ್ನೆಗಳು

ಮುಂಗಡ ಹಣ ಕೊಡುವ ಮೊದಲೇ ಫೋನಿನಲ್ಲಿ ಕೆಲವು ಮಾತು ಕೇಳಿ. ನಾಚಿಕೆ ಬೇಡ. ನಾಚಿಕೆಪಟ್ಟು ಸುಮ್ಮನಿದ್ದರೆ ಆಮೇಲೆ ಸಂಕಟ ಪಡಬೇಕಾಗುತ್ತದೆ.

ಒಂದು, ಚಿಕಿತ್ಸೆ ಕೊಡುವವರು ಹೆಂಗಸರೇ? ಕೇರಳದ ಆಯುರ್ವೇದ ಕೇಂದ್ರಗಳಲ್ಲಿ ಹೆಂಗಸರಿಗೆ ಹೆಂಗಸರು, ಗಂಡಸರಿಗೆ ಗಂಡಸರು ಎಂಬುದು ರೂಢಿ. ಪ್ರವಾಸೋದ್ಯಮ ಇಲಾಖೆ ಹಿಂದೆ ಗ್ರೀನ್ ಲೀಫ್, ಆಲಿವ್ ಲೀಫ್ ಎಂಬ ಹೆಸರಿನಲ್ಲಿ ಮಾನ್ಯತೆ ನೀಡಲಾರಂಭಿಸಿದಾಗ ಇದನ್ನು ಷರತ್ತಾಗಿಯೇ ಇಟ್ಟಿತ್ತು. ಆದರೆ ಎಲ್ಲ ಸ್ಪಾಗಳೂ ಆಯುರ್ವೇದ ಕೇಂದ್ರಗಳಲ್ಲ. ದೊಡ್ಡ ನಗರಗಳ ಹೋಟೆಲುಗಳಲ್ಲಿ ಈ ನಿಯಮ ಇಲ್ಲದಿರಬಹುದು. ಆದ್ದರಿಂದ ಕೇಳಿಯೇ ತಿಳಿಯಬೇಕು.

ಎರಡು, ಬಟ್ಟೆ. ಸಾಮಾನ್ಯವಾಗಿ ಒಂದು ಚಿಕ್ಕ ತುಂಡು ಬಟ್ಟೆ ಮಾತ್ರ ಕೊಡುತ್ತಾರೆ. ಹೆಣ್ಣಿನ ಮುಂದೆ ಹೆಣ್ಣಿಗೂ ಮುಚ್ಚಬೇಕಾದ ಮೇರೆ ಇದೆ ಎಂಬುದು ನಿಮಗೆ ಗೊತ್ತೇ ಇದೆ. "ನನಗೆ ಹೊಕ್ಕುಳಿನಿಂದ ಮಂಡಿಯವರೆಗೆ ಮುಚ್ಚುವ ಮುಂಡು ಬೇಕು, ತಿಕ್ಕುವ ಭಾಗವನ್ನು ಮಾತ್ರ ಸರಿಸಿ" ಎಂದು ಹೇಳಿ. ಅತ್ತಿಗೆ ಹೇಳಿಸಿದಾಗ ಮರುಮಾತಿಲ್ಲದೆ ತಂದುಕೊಟ್ಟರು. ತಂದುಕೊಡದ ಜಾಗವಾದರೆ ಎದ್ದು ಬರುವ ಹಕ್ಕು ನಿಮಗಿದೆ. ಕೋಣೆಗೆ ಒಳಗಿನಿಂದ ಚಿಲಕವಿದೆಯೇ, ಕ್ಯಾಮರಾ ಇಲ್ಲವೇ ಎಂದು ನೋಡಿಕೊಳ್ಳಿ.

ಮೂರು, ವೈದ್ಯರು ಯಾರು? ಆಯುರ್ವೇದ ಪದವಿ ಪಡೆದ, ನೋಂದಾಯಿತ ವೈದ್ಯರು ಅಲ್ಲೇ ಇರಬೇಕು. ಸರ್ಕಾರದ ಶ್ರೇಣಿ ಅಥವಾ ಎನ್‌ಎಬಿಎಚ್ ಮಾನ್ಯತೆ ಇದೆಯೇ ಎಂದು ಕೇಳಿ.

ನಾಲ್ಕು, ನಮಾಝ್. ಎಣ್ಣೆ ಜಿಡ್ಡಾಗಿ ಉಳಿದ ಮಾತ್ರಕ್ಕೆ ವುಝೂ ಆಗುವುದಿಲ್ಲವೆಂದಿಲ್ಲ, ಆದರೆ ನೀರು ಚರ್ಮಕ್ಕೆ ತಾಗದಂತೆ ಮೆತ್ತಿದ ಲೇಪವಿದ್ದರೆ ಅದನ್ನು ತೊಳೆದು ತೆಗೆಯಲೇಬೇಕು. ಚಿಕಿತ್ಸೆಯ ವೇಳೆಯನ್ನು ನಮಾಝ್‌ನ ಸಮಯಕ್ಕೆ ಅಡ್ಡಿಯಾಗದಂತೆ ಮೊದಲೇ ಗೊತ್ತುಮಾಡಿಕೊಳ್ಳಿ. ಅಲ್ಲಿಂದ ಕಿಬ್ಲಾ ಪಶ್ಚಿಮಕ್ಕಿಂತ ಸ್ವಲ್ಪ ಉತ್ತರಕ್ಕೆ ವಾಲಿದೆ.

ಔಷಧಿ ಬಿಡಬೇಡಿ

ಎಣ್ಣೆ ಹಚ್ಚಿಸಿಕೊಂಡು ಎರಡು ದಿನ ಚೆನ್ನಾಗಿ ನಿದ್ದೆ ಬಂದರೆ ಸಾಕು, "ಇನ್ನು ಆ ಇಂಗ್ಲಿಷ್ ಮಾತ್ರೆ ಏಕೆ?" ಎಂಬ ಆಲೋಚನೆ ಬರುತ್ತದೆ. ಅತ್ತಿಗೆಗೂ ಬಂತು. ನಾಲ್ಕನೆಯ ದಿನ ರಕ್ತದೊತ್ತಡದ ಮಾತ್ರೆಯನ್ನು ಪಕ್ಕಕ್ಕಿಟ್ಟು ವೈದ್ಯೆಯನ್ನು ಕೇಳಿದರು. ಆಕೆ ಆಯುರ್ವೇದದವರೇ ಆದರೂ ಖಡಾಖಂಡಿತವಾಗಿ ಹೇಳಿದರು: "ಉಮ್ಮಾ, ಮಾತ್ರೆ ಬಿಟ್ಟರೆ ನಾನು ನಾಳೆಯಿಂದ ಎಣ್ಣೆ ಹಚ್ಚಿಸುವುದಿಲ್ಲ." ಒಳ್ಳೆಯ ವೈದ್ಯರ ಗುರುತು ಇದೇ. ರಕ್ತದೊತ್ತಡ, ಮಧುಮೇಹ, ಥೈರಾಯ್ಡ್, ಹೃದಯದ ಮಾತ್ರೆಗಳನ್ನು ನಿಮ್ಮ ಸ್ವಂತ ವೈದ್ಯರು ಹೇಳದೆ ನಿಲ್ಲಿಸಬೇಡಿ. ಗರ್ಭಿಣಿಯರು, ಜ್ವರವಿರುವವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದವರು ವಿಷಯವನ್ನು ಮುಚ್ಚಿಡದೆ ಮೊದಲೇ ತಿಳಿಸಬೇಕು.

ಹೊರಡುವಾಗ ಚೀಲ ತುಂಬ ಲೇಹ್ಯ, ಗುಳಿಗೆ ಕೊಂಡುಕೊಳ್ಳುವ ಆಸೆಯೂ ಬರುತ್ತದೆ. ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ 2004ರಲ್ಲಿ ಒಂದು ಅಧ್ಯಯನ ಪ್ರಕಟವಾಗಿತ್ತು. ದಕ್ಷಿಣ ಏಷ್ಯಾದಲ್ಲಿ ತಯಾರಾಗಿ ಬೋಸ್ಟನ್ ಪ್ರದೇಶದ ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದ 70 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಕಂಡುಬಂದಿತ್ತು. ಮೈಗೆ ಹಚ್ಚುವ ಎಣ್ಣೆ ಬೇರೆ, ಹೊಟ್ಟೆಗೆ ಹೋಗುವ ಔಷಧಿ ಬೇರೆ. ತಯಾರಕರ ಹೆಸರು, ಪರವಾನಗಿ ಸಂಖ್ಯೆ, ಅಂಶಗಳ ಪಟ್ಟಿ ಇಲ್ಲದ ಪೊಟ್ಟಣವನ್ನು ಮನೆಗೆ ತರಬೇಡಿ, ಮಕ್ಕಳಿಗಂತೂ ಕೊಡಲೇಬೇಡಿ.

ಕಡಲ ಮಕ್ಕಳನ್ನೂ ನೋಡಿ

ಸಂಜೆ ದಂಡೆಗೆ ಇಳಿದರೆ ಎರಡು ಲೋಕಗಳು ಕಾಣುತ್ತವೆ. ಒಂದು ಕಡೆ ಬಿಳಿ ಕೊಡೆಗಳ ಕೆಳಗೆ ಅತಿಥಿಗಳು. ಇನ್ನೊಂದು ಕಡೆ ಬಲೆ ಎಳೆಯುವ ಬೆಸ್ತರು. ಪಕ್ಕದ ವಿಳಿಂಜಂ ಹಳೆಯ ಮೀನುಗಾರರ ಊರು. ಅಲ್ಲಿ ಕ್ರೈಸ್ತ ಮತ್ತು ಮುಸ್ಲಿಮ್ ಮೀನುಗಾರ ಕುಟುಂಬಗಳು ಒಂದೇ ಕಡಲನ್ನು ನಂಬಿ ಬದುಕುತ್ತಿವೆ.

ಹೋಟೆಲಿನ ಜಗಲಿಯಿಂದ ಶಾಂತವಾಗಿ ಕಾಣುವ ಆ ಕಡಲು 2017ರ ನವೆಂಬರ್ ಕೊನೆಯಲ್ಲಿ ಓಖಿ ಚಂಡಮಾರುತ ಬಂದಾಗ ಪೂಂತುರ, ವಿಳಿಂಜಂ ಕಡೆಯ ಎಷ್ಟೋ ಮನೆಗಳ ದುಡಿಯುವ ಗಂಡಸರನ್ನು ಒಯ್ದಿತು. ವಿಳಿಂಜಂನಲ್ಲಿ ಕಟ್ಟಲಾದ ಬೃಹತ್ ಬಂದರು 2025ರ ಮೇ 2ರಂದು ಉದ್ಘಾಟನೆಗೊಂಡಿತು. ಅದರ ಕಾಮಗಾರಿಯಿಂದ ದಂಡೆ ಕೊರೆದುಹೋಗುತ್ತಿದೆ ಎಂದು 2022ರಲ್ಲಿ ಮೀನುಗಾರರು ತಿಂಗಳುಗಟ್ಟಲೆ ಚಳವಳಿ ನಡೆಸಿದ್ದರು. ಕಡಲ ದಂಡೆಯಲ್ಲಿ ಮನಬಂದಂತೆ ಕಟ್ಟಡ ಏಳಬಾರದೆಂದು 1991ರಲ್ಲೇ ಕೇಂದ್ರ ಸರ್ಕಾರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಹೊರಡಿಸಿ, ಭರತದ ಗೆರೆಯಿಂದ 500 ಮೀಟರ್‌ವರೆಗಿನ ಜಾಗವನ್ನು ನಿಯಮದೊಳಗೆ ತಂದಿತು. 2011ರಲ್ಲಿ, ಮತ್ತೆ 2019ರಲ್ಲಿ ಆ ನಿಯಮಗಳು ಬದಲಾದವು. ನಾವು ಹಣ ಕೊಟ್ಟು ಕೊಂಡುಕೊಳ್ಳುವ ನೆಮ್ಮದಿಯ ನೋಟದ ಹಿಂದೆ ಇಂಥ ಜಗಳಗಳೂ ಇವೆ ಎಂಬುದು ತಿಳಿದಿರಲಿ.

ಇನ್ನೊಂದು ಮಾತು. ಕೋವಳಂ ಕಡಲು ನೋಡಲು ಸೌಮ್ಯ, ಇಳಿಯಲು ಅಪಾಯ. ಕೆಂಪು ಬಾವುಟ ಕಂಡರೆ ಮೊಣಕಾಲು ನೀರಿಗೂ ಇಳಿಯಬೇಡಿ. ಮಳೆಗಾಲದಲ್ಲಿ ಅಲೆ ಉಗ್ರವಾಗಿರುತ್ತದೆ. ಆಯುರ್ವೇದದವರು ಚಿಕಿತ್ಸೆಗೆ ಕರ್ಕಾಟಕ ಮಾಸದ ಮಳೆಗಾಲವೇ ಉತ್ತಮ ಎನ್ನುತ್ತಾರೆ. ಆಗ ಹೋಗುವವರು ದಂಡೆಯ ಆಸೆ ಬಿಟ್ಟು ಜಗಲಿಯಲ್ಲೇ ಕುಳಿತು ಮಳೆ ನೋಡಬೇಕು.

ಎಣ್ಣೆ ಹಚ್ಚುವ ಕೈಗಳು

ಅತ್ತಿಗೆಗೆ ಎಣ್ಣೆ ಹಚ್ಚುತ್ತಿದ್ದಾಕೆಗೆ ಮೂವತ್ತೈದರ ವಯಸ್ಸಿರಬಹುದು. ದಿನಕ್ಕೆ ನಾಲ್ಕೈದು ಜನರ ಮೈ ತಿಕ್ಕುವ ಕೆಲಸ. ಬೆರಳ ಗಂಟುಗಳು ಊದಿದ್ದವು. ಐದನೆಯ ದಿನ ಅತ್ತಿಗೆ ಆಕೆಯ ಕೈಯನ್ನು ಹಿಡಿದುಕೊಂಡು, "ನಿನ್ನ ಕೈಗೆ ಯಾರು ಮಗಳೇ ಎಣ್ಣೆ ಹಚ್ಚುವುದು?" ಎಂದು ಕೇಳಿದರು. ನಾನು ಮಲಯಾಳಕ್ಕೆ ಮಾಡಿ ಹೇಳಿದೆ. ಆಕೆ ನಕ್ಕಳು. "ಇಲ್ಲಿಂದ ಹೋದ ಮೇಲೆ ಅಡುಗೆ ಇದೆ, ಮಕ್ಕಳಿದ್ದಾರೆ, ಅತ್ತೆಗೆ ಕಾಲು ಒತ್ತಬೇಕು. ನನ್ನ ಕೈಗೆ ಯಾರಿದ್ದಾರೆ ಉಮ್ಮಾ?"

ಅತ್ತಿಗೆ ಆ ರಾತ್ರಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು: "ನಮ್ಮ ಮನೆಗೆ ಸೊಸೆ ಬಂದು ಹನ್ನೆರಡು ವರ್ಷ ಆಯಿತು. ಇಷ್ಟು ದಿನ ಫೋನಿನಲ್ಲಿ ನಾನು ಗ್ಯಾಸ್ ಕೇಳಿದೆ, ಹಾಲು ಕೇಳಿದೆ, ಮೊಮ್ಮಗನನ್ನು ಕೇಳಿದೆ. ನೀನು ಉಂಡೆಯಾ, ನೀನು ಸ್ವಲ್ಪ ಮಲಗಿದೆಯಾ ಎಂದು ಅವಳನ್ನು ಒಮ್ಮೆಯೂ ಕೇಳಲಿಲ್ಲ."

ಸಹೋದರಿಯರೇ, ನನ್ನ ಮಟ್ಟಿಗೆ ಆ ಏಳು ದಿನಗಳ ಚಿಕಿತ್ಸೆ ಫಲ ಕೊಟ್ಟದ್ದು ಅಲ್ಲಿ. ಮಂಡಿ ನೋವು ಸ್ವಲ್ಪ ಕಡಿಮೆಯಾಗಿ ತಿಂಗಳೊಂದರಲ್ಲಿ ಮತ್ತೆ ಬಂತು. ಆದರೆ ಮನೆಗೆ ಮರಳಿದ ಮೇಲೆ ಅತ್ತಿಗೆ ಒಂದು ನಿಯಮ ಮಾಡಿದರು. ಭಾನುವಾರ ಸೊಸೆ ಅಡುಗೆಮನೆಗೆ ಕಾಲಿಡುವಂತಿಲ್ಲ. ಆ ದಿನದ ಗಂಜಿ, ಚಟ್ನಿ ಅತ್ತಿಗೆಯದ್ದು. ಪಾತ್ರೆ ತೊಳೆಯುವುದು ಹತ್ತು ವರ್ಷದ ಮೊಮ್ಮಗನದ್ದು. ಮೊದಲ ಭಾನುವಾರ ಸೊಸೆಗೆ ಏನು ಮಾಡಬೇಕೆಂದೇ ತೋಚದೆ ಕಪಾಟು ಜೋಡಿಸಲು ಕುಳಿತಳಂತೆ. ಅತ್ತಿಗೆ ಕೈಹಿಡಿದು ಕರೆದುಕೊಂಡು ಹೋಗಿ ಮಲಗಿಸಿದರಂತೆ.

ಹಣವಿಲ್ಲದವರು ಏನು ಮಾಡಬೇಕು?

ಈಗ ಮೊದಲ ಪ್ರಶ್ನೆಗೆ ಬರೋಣ: ಅದು ಶೋಕಿಯೇ? ಇಬ್ಬರ ಏಳು ದಿನಗಳ ವಾಸಕ್ಕೆ ಅಣ್ಣನ ಮಗ ಕೊಟ್ಟ ಹಣ ನನ್ನ ಆರು ತಿಂಗಳ ಸಂಬಳಕ್ಕಿಂತ ಹೆಚ್ಚು. ಸಾಲ ಮಾಡಿ, ಚಿನ್ನ ಅಡವಿಟ್ಟು, ನೆರೆಮನೆಯವರು ಹೋದರೆಂಬ ಕಾರಣಕ್ಕೆ ಹೋಗುವುದಾದರೆ ಅದು ದುಂದುಗಾರಿಕೆ, ಸಂದೇಹವೇ ಬೇಡ. ಶಕ್ತಿಯಿರುವ ಮಕ್ಕಳು ದುಡಿದು ಸವೆದ ತಾಯಿಗೆ ಕೊಡುವುದಾದರೆ ಅದನ್ನು ಶೋಕಿ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ದೇಹಕ್ಕೆ ಸಲ್ಲಬೇಕಾದ ಹಕ್ಕನ್ನು ಸಲ್ಲಿಸಬೇಕೆಂದು ಪ್ರವಾದಿ(ಸ) ನಮಗೆ ಕಲಿಸಿದ್ದಾರೆ. ಆ ಹಕ್ಕು ಗಂಡಸಿನ ದೇಹಕ್ಕೆ ಮಾತ್ರ ಎಂದು ಅವರು ಹೇಳಿಲ್ಲವಲ್ಲ!

ಆದರೆ ನಮ್ಮಲ್ಲಿ ಹೆಚ್ಚಿನವರಿಗೆ ಅಂಥ ಹಣವಿಲ್ಲ. ಅಡ್ಡಿಯಿಲ್ಲ. ಆ ಹೋಟೆಲು ಮಾರುವ ಸರಕುಗಳನ್ನು ಒಂದೊಂದಾಗಿ ಬಿಡಿಸಿ ನೋಡಿ. ಎಣ್ಣೆ ಇದೆ. ಬಿಸಿ ನೀರಿದೆ. ಹಿತಮಿತವಾದ ಊಟವಿದೆ. ಫೋನು, ಟಿ.ವಿ. ಇಲ್ಲದ ಮೌನವಿದೆ. ನಿಮ್ಮ ಮಾತನ್ನು ಅರ್ಧ ಗಂಟೆ ಕೇಳುವ ಒಬ್ಬರಿದ್ದಾರೆ. ಅಡುಗೆಯನ್ನು ಬೇರೆ ಯಾರೋ ಮಾಡುತ್ತಾರೆ. ಇದರಲ್ಲಿ ಯಾವುದು ನಮ್ಮ ಮನೆಯಲ್ಲಿ ಸಿಗದ ವಸ್ತು? ತೆಂಗಿನೆಣ್ಣೆ ಪ್ರತಿ ಮನೆಯಲ್ಲೂ ಇದೆ. ಹೆಸರುಕಾಳು ಡಬ್ಬದಲ್ಲಿದೆ. ಉಳ್ಳಾಲ, ಪಣಂಬೂರು, ಮಲ್ಪೆ, ಮರವಂತೆಯ ಕಡಲಿಗೆ ಟಿಕೆಟಿಲ್ಲ. ಕೊರತೆ ಇರುವುದು ಆ ಕೊನೆಯ ಎರಡಕ್ಕೆ ಮಾತ್ರ: ಮಾತು ಕೇಳುವವರು ಮತ್ತು ಅಡುಗೆಯ ಪಾಳಿ ವಹಿಸುವವರು. ಅವೆರಡನ್ನು ಯಾವ ಹೋಟೆಲೂ ಏಳು ದಿನಕ್ಕಿಂತ ಹೆಚ್ಚು ಕೊಡಲಾರದು. ಮನೆಯವರು ಮಾತ್ರ ವರ್ಷವಿಡೀ ಕೊಡಬಲ್ಲರು.

ಈ ಪುಟವನ್ನು ಮನೆಯ ಗಂಡಸರೂ ಓದಲಿ. ವಾರಕ್ಕೆ ಒಂದು ಹೊತ್ತಿನ ಅಡುಗೆ, ತಿಂಗಳಿಗೆ ಒಂದು ಪೂರ್ತಿ ದಿನ. ಇಷ್ಟನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಹೆಣ್ಣುಮಕ್ಕಳ ಪಾಲಿಗೆ ಬಿಟ್ಟುಕೊಡಿ. ಆ ದಿನ ಮಕ್ಕಳ ಹೋಂವರ್ಕ್, ಅತಿಥಿಗಳ ಚಹಾ, ಅಂಗಡಿಯ ಸಾಮಾನು ಯಾವುದೂ ಅವರ ಹೆಸರಿಗೆ ಬರಕೂಡದು. ನೀವು ಅತ್ತೆಯಾಗಿದ್ದರೆ ಮೊದಲ ಗುರುತು ಸೊಸೆಯ ಹೆಸರಿನಲ್ಲಿರಲಿ. ಸೊಸೆಯಾಗಿದ್ದರೆ ಒಂದು ಬಟ್ಟಲು ಎಣ್ಣೆ ಬೆಚ್ಚಗೆ ಮಾಡಿ ಅತ್ತೆಯ ಮಂಡಿಗೆ ಹಚ್ಚಿ. ಮನೆಗೆಲಸಕ್ಕೆ ಬರುವಾಕೆ ಇದ್ದರೆ ಆಕೆಗೂ ಸಂಬಳ ಕಡಿಯದೆ ಒಂದು ದಿನ ಕೊಡಿ. ಅವಳ ಕೈಬೆರಳುಗಳೂ ಸವೆಯುತ್ತಿವೆ.